ಮಿಲಿಟರಿ ಹೋಗಿ ಜನರ ಸರ್ಕಾರ ಬರೋವಾಗಿನ ಆ ಭರವಸೆ ಬರೀ ಭಾವುಕತೆನಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು ಬನಶಂಕರಿ ಕಡೆಯವಳು, ಬಿಎ ಕೊನೇ ವರ್ಷ ಓದ್ತಿದೀನಿ. ಮಿಲಿಟರಿ ಆಡಳಿತ ಮುಗಿದು ಚುನಾಯಿತ ಸರ್ಕಾರ ಬಂದ ದಿನಗಳ ಹಳೇ ವಿಡಿಯೋ ನೋಡ್ತಿದ್ದೆ, ಜನ ರಸ್ತೇಲಿ ಅಳ್ತಾ ಒಬ್ಬರನ್ನೊಬ್ಬರು ತಬ್ಕೊಂಡು ಕುಣೀತಿರ್ತಾರೆ. ಆದ್ರೆ ಮ್ಯಾನ್ಮಾರ್‌ನಲ್ಲಿ ಐದು ವರ್ಷಕ್ಕೆ ಮತ್ತೆ ಸೈನ್ಯ ಬಂತು, ಸುಡಾನ್‌ನಲ್ಲಿ ಎರಡು ವರ್ಷಕ್ಕೇ ಬಂತು. ಹಾಗಿದ್ರೆ ಆ ಭರವಸೆ ಬರೀ ಭಾವುಕತೆನಾ? ಎಲ್ಲಿ ಉಳಿಯುತ್ತೆ ಎಲ್ಲಿ ಉಳಿಯಲ್ಲ ಅಂತ ಮೊದಲೇ ಗೊತ್ತಾಗುತ್ತಾ? ಇದ್ರ ಮೇಲೆ ಪ್ರಾಜೆಕ್ಟ್ ಮಾಡೋಣ ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಈ ಪ್ರಶ್ನೆ ಬಂದಿದ್ದು ನಂಗೆ ನಿಜವಾಗ್ಲೂ ಖುಷಿ. ಕ್ಲಾಸಲ್ಲಿ ಈ ವಿಷಯ ಮಾಡೋವಾಗ ನಾವು ಸಂವಿಧಾನ, ಒಪ್ಪಂದ, ಜನರಲ್‌ಗಳು, ಪಾರ್ಟಿಗಳು ಅಂತ ಹೋಗ್ತೀವಿ, ರಸ್ತೇಲಿ ಅಳ್ತಾ ನಿಂತಿರೋ ಜನರ ಬಗ್ಗೆ ಒಂದು ಸಾಲು ಹೇಳಿ ಮುಂದಕ್ಕೆ ಹೋಗಿಬಿಡ್ತೀವಿ. ನೇರವಾಗೇ ಹೇಳ್ತೀನಿ, ಅದು ಬರೀ ಭಾವುಕತೆ ಅಲ್ಲ. ಅದೊಂದು ಶಕ್ತಿ, ಬಂದೂಕು ಇರೋರಿಗೂ ಅದರ ಭಯ ಇರುತ್ತೆ, ಆದ್ರೆ ಅದು ಜಾಸ್ತಿ ದಿನ ಅದೇ ಜೋರಲ್ಲಿ ಇರಲ್ಲ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಅಷ್ಟೇ ವಿಷಯ. ಜನರ ಆಸೆ ಜೋರಾಗಿರೋ ಆ ಒಂದೆರಡು ವರ್ಷದಲ್ಲಿ ಸೈನ್ಯ ವಾಪಸ್ ಬರೋ ದಾರಿಯನ್ನ ಕಾನೂನಲ್ಲಿ ಎಷ್ಟು ಮುಚ್ಚಿದ್ರು ಅನ್ನೋದನ್ನ ನೋಡಿ, ನಿಮ್ಮ ಎರಡನೇ ಪ್ರಶ್ನೆಗೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತೆ. ಪೂರ್ತಿ ಅಲ್ಲ, ಬಹುಪಾಲು.

ಚಿಲಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿ ಜನ ಆಸೆ ಇಟ್ಕೊಂಡು ಸುಮ್ನೆ ಕೂತಿರ್ಲಿಲ್ಲ, ಅದನ್ನ ಒಂದು ಕೆಲಸ ಅಂತ ಮಾಡಿದ್ರು. 1973 ಸೆಪ್ಟೆಂಬರ್ 11 ಕ್ಕೆ ಜನರಲ್ ಪಿನೊಚೆ ಅಧಿಕಾರ ಕಿತ್ಕೊಂಡಿದ್ದು. 1980 ರಲ್ಲಿ ತನಗೆ ಬೇಕಾದ ಹಾಗೆ ಸಂವಿಧಾನ ಬರೆಸಿಕೊಂಡ, ಅದ್ರಲ್ಲೇ 1988 ರಲ್ಲಿ ಒಂದು ಜನಮತಗಣನೆ ಇಟ್ಟಿದ್ದ, ಇನ್ನೂ ಎಂಟು ವರ್ಷ ಇರ್ಲಾ ಬೇಡ್ವಾ, ಹೌದು ಅಥವಾ ಇಲ್ಲ ಅಂತ. ಅವನಿಗೆ ಗೆಲ್ತೀನಿ ಅನ್ನೋ ನಂಬಿಕೆ. ವಿರೋಧ ಪಕ್ಷದವರಲ್ಲೇ ಎಷ್ಟೋ ಜನಕ್ಕೆ ಇದು ಮೋಸ, ಭಾಗವಹಿಸೋದೇ ತಪ್ಪು ಅನ್ನಿಸಿತ್ತು. ಆಮೇಲೆ ಹದಿನಾರು ಹದಿನೇಳು ಪಾರ್ಟಿಗಳು ಒಟ್ಟಾಗಿ ಮೊದಲು ಮಾಡಿದ ಕೆಲಸ ಏನ್ ಗೊತ್ತಾ, ಮತದಾರರ ಪಟ್ಟಿಗೆ ಹೆಸರು ಸೇರಿಸೋದು. ಹಳೇ ಪಟ್ಟಿನ ಮಿಲಿಟರಿ ನಾಶ ಮಾಡಿತ್ತು, ಎಲ್ರೂ ಹೊಸದಾಗಿ ಹೋಗಿ ಹೆಸರು ಬರೆಸ್ಬೇಕು, ಹೆಸರು ಬರೆಸಿದ್ರೆ ಎಲ್ಲಿ ಹಿಡ್ಕೊಂಡು ಹೋಗ್ತಾರೋ ಅನ್ನೋ ಭಯ ಬೇರೆ. ಆದ್ರೂ 70 ಲಕ್ಷಕ್ಕೂ ಹೆಚ್ಚು ಜನ ಬರೆಸಿದ್ರು. ಟಿವೀಲಿ ದಿನಾ ರಾತ್ರಿ ತಡವಾಗಿ ಎರಡೂ ಕಡೆಗೆ 15 - 15 ನಿಮಿಷ ಕೊಟ್ರು, 27 ದಿನ. 'ಇಲ್ಲ' ಕಡೆಯವರು ಅಲ್ಲಿ ಹಿಂಸೆ, ಕಾಣೆಯಾದವರು, ಹೆಣ ಇದನ್ನೇ ತೋರಿಸ್ಬೇಕಾ ಅಂತ ತಮ್ಮಲ್ಲೇ ಜಗಳ ಆಡಿ, ಕೊನೆಗೆ ಕಾಮನಬಿಲ್ಲಿನ ಗುರುತು ಇಟ್ಕೊಂಡು, ಖುಷಿ ಬರ್ತಾ ಇದೆ ಅಂತ ಹಾಡಿದ್ರು. ಹದಿನೈದು ವರ್ಷ ಹೆದರಿ ಕೂತ ಜನಕ್ಕೆ ಭಯಾನ ಮತ್ತೆ ನೆನಪಿಸಿದ್ರೆ ಅವ್ರು ಮನೆಯಿಂದ ಆಚೆ ಬರಲ್ಲ ಅನ್ನೋದು ಅವ್ರ ಲೆಕ್ಕ, ಲೆಕ್ಕ ಸರಿಯಾಗಿತ್ತು.

ಆದ್ರೆ ನಂಗೆ ಹಾಡಿಗಿಂತ ಮುಖ್ಯ ಅನ್ನಿಸೋದು ಎಣಿಕೆ. ಸರ್ಕಾರ ಎಣಿಸಿ ಹೇಳೋದನ್ನ ನಂಬೋ ಹಾಗಿಲ್ಲ ಅಂತ ಮತಗಟ್ಟೆಗಳಲ್ಲಿ ತಮ್ಮ ಏಜೆಂಟ್‌ಗಳನ್ನ ಕೂರಿಸಿ, ಅಲ್ಲಲ್ಲಿನ ರಿಸಲ್ಟ್ ಬರ್ಕೊಂಡು, ರಾಜಧಾನಿ ಸ್ಯಾಂಟಿಯಾಗೊಗೆ ಮುಟ್ಟಿಸಿ, ತಾವೇ ಕಂಪ್ಯೂಟರ್‌ನಲ್ಲಿ ಕೂಡಿಸಿದ್ರು. ಅಕ್ಟೋಬರ್ 5 ರ ರಾತ್ರಿ ಸರ್ಕಾರ ಮೊದಲು 'ಹೌದು' ಮುಂದಿದೆ ಅಂತ ಸ್ವಲ್ಪ ಅಂಕಿ ಕೊಟ್ಟು ಆಮೇಲೆ ಗಂಟೆಗಟ್ಟಲೆ ಸುಮ್ಮನಾಯ್ತು. ಅಷ್ಟೊತ್ತಿಗೆ ಈ ಕಡೆಯವರ ಹತ್ರ ತಮ್ಮದೇ ಲೆಕ್ಕ ಇತ್ತು, ಪತ್ರಕರ್ತರಿಗೆ ಕೊಟ್ರು. ಮಧ್ಯರಾತ್ರಿ ದಾಟಿದ ಮೇಲೆ ವಾಯುಸೇನೆ ಮುಖ್ಯಸ್ಥ ಜನರಲ್ ಮತ್ತೈ ಅಧ್ಯಕ್ಷರ ಅರಮನೆ ಒಳಗೆ ಹೋಗೋವಾಗ ಬಾಗಿಲಲ್ಲೇ ನಿಂತು, 'ಇಲ್ಲ' ಗೆದ್ದಿದೆ ಅಂತ ನಂಗೆ ಖಾತ್ರಿ ಇದೆ ಅನ್ನೋ ಅರ್ಥದಲ್ಲಿ ಪತ್ರಕರ್ತರಿಗೆ ಹೇಳಿಬಿಟ್ರು, ಅಲ್ಲಿಗೆ ಮುಗೀತು. ಸೇನೆ ಒಳಗೇ ಒಬ್ಬ ಹಾಗೆ ಹೇಳೋಕೆ ಧೈರ್ಯ ಬಂದಿದ್ದು ಅವ್ರೊಬ್ಬರ ಒಳ್ಳೇತನದಿಂದ ಅಂತ ನಾನು ಅಂದ್ಕೊಳ್ಳಲ್ಲ, ಹೊರಗೆ ಆ ಲೆಕ್ಕ ಆಗ್ಲೇ ಊರಿಗೆಲ್ಲ ಗೊತ್ತಾಗಿತ್ತು, ಮುಚ್ಚಿಡೋಕೆ ಏನೂ ಉಳಿದಿರ್ಲಿಲ್ಲ. ಸುಮಾರು 56 ಪರ್ಸೆಂಟ್ ಜನ ಬೇಡ ಅಂದಿದ್ರು. ಇನ್ನೊಂದು ಕಡೆ ನೋಡಿ, 44 ಪರ್ಸೆಂಟ್ ಜನ ಬೇಕು ಅಂದಿದ್ರು, ಇದನ್ನ ಮರೀಬಾರ್ದು. ದೇಶಕ್ಕೆ ದೇಶವೇ ಕುಣೀತು ಅನ್ನೋದು ಯಾವತ್ತೂ ಪೂರ್ತಿ ನಿಜ ಅಲ್ಲ.

ಆ ಗೆಲುವಿನ ಬಿಸಿ ಆರೋಕೆ ಮುಂಚೆ ಅವ್ರು ಪಿನೊಚೆ ಸರ್ಕಾರದ ಜೊತೆ ಕೂತು ಚೌಕಾಸಿ ಮಾಡಿದ್ರು. 1989 ಜುಲೈ 30 ಕ್ಕೆ ಇನ್ನೊಂದು ಜನಮತಗಣನೆ, 54 ತಿದ್ದುಪಡಿ ಒಂದೇ ಸಲ ಪಾಸ್. ಚುನಾಯಿತ ಸೆನೆಟರ್‌ಗಳ ಸಂಖ್ಯೆ 26 ರಿಂದ 38 ಕ್ಕೆ ಏರಿತು, ಎಡಪಂಥೀಯ ಪಾರ್ಟಿಗಳ ಮೇಲಿದ್ದ ನಿಷೇಧದ ಕಲಮು ಹೋಯ್ತು. ಎಲ್ಲಾ ಸಿಗ್ಲಿಲ್ಲ, ಒಂಬತ್ತು ಜನ ನೇಮಕದ ಸೆನೆಟರ್‌ಗಳು ಹಾಗೇ ಉಳಿದ್ರು, ಪಿನೊಚೆ ಇನ್ನೂ ಎಂಟು ವರ್ಷ ಸೇನಾ ಮುಖ್ಯಸ್ಥನಾಗೇ ಇರ್ತೀನಿ ಅಂದ, ಇದ್ದ ಕೂಡ, 1998 ಮಾರ್ಚ್ ತನಕ. ಹೊಸ ಅಧ್ಯಕ್ಷರು ಪ್ಯಾಟ್ರಿಸಿಯೋ ಐಲ್ವಿನ್ ಅಧಿಕಾರ ತಗೊಂಡಿದ್ದು 1990 ಮಾರ್ಚ್ 11, ಮಾರನೇ ದಿನ ನ್ಯಾಷನಲ್ ಸ್ಟೇಡಿಯಂನಲ್ಲಿ ದೊಡ್ಡ ಸಭೆ. ಆ ಸ್ಟೇಡಿಯಂನ ಆಯ್ಕೆ ಮಾಡಿದ್ದೇ ಒಂದು ಮಾತು, 1973 ರಲ್ಲಿ ಸಾವಿರಾರು ಜನರನ್ನ ಕೂಡಿಹಾಕಿ ಹಿಂಸೆ ಕೊಟ್ಟ ಜಾಗ ಅದು. ಅವತ್ತು ಸ್ಕೋರ್ ತೋರಿಸೋ ಬೋರ್ಡ್ ಮೇಲೆ ಕಾಣೆಯಾದವರ ಹೆಸರುಗಳು ಬರ್ತಾ ಹೋದ್ವು. ಜೋಡಿಯಾಗಿ ಮಾಡೋ ಅಲ್ಲಿನ ಜನಪದ ಕುಣಿತವನ್ನ ಗಂಡ ಕಾಣೆಯಾದ ಹೆಂಗಸರು ಮೈದಾನದಲ್ಲಿ ಒಬ್ಬೊಬ್ರೇ ಮಾಡಿದ್ರು. ಐಲ್ವಿನ್ ಭಾಷಣದಲ್ಲಿ ನಾಗರಿಕರು, ಸೈನಿಕರು ಎಲ್ಲಾ ಒಂದಾಗ್ಬೇಕು ಅಂದಾಗ, ಸೈನಿಕರು ಅನ್ನೋ ಪದಕ್ಕೆ ಇಡೀ ಸ್ಟೇಡಿಯಂ ಶಿಳ್ಳೆ ಹೊಡೆದು ವಿರೋಧ ಮಾಡಿತು, ಅವ್ರು ಧ್ವನಿ ಏರಿಸಿ ಮತ್ತೆ ಅದನ್ನೇ ಹೇಳಿದ್ರು, ಹೌದು, ಸೈನಿಕರೂ ಸೇರಿ, ಚಿಲಿ ಒಂದೇ ಅಂತ. ಖುಷಿ, ದುಃಖ, ಸಿಟ್ಟು ಮೂರೂ ಒಂದೇ ಸಂಜೆಗೆ ಒಂದೇ ಮೈದಾನದಲ್ಲಿ. ಜನರ ಭರವಸೆ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದರ ಒಳಗೆ ಇಷ್ಟೆಲ್ಲ ಇರುತ್ತೆ.

ಆಮೇಲೆ ಎಲ್ಲಾ ಸಲೀಸಾಗಿ ಹೋಯ್ತು ಅಂದ್ಕೋಬೇಡಿ. 1990 ಡಿಸೆಂಬರ್‌ನಲ್ಲಿ ಪಿನೊಚೆ ಸೈನಿಕರನ್ನ ಬ್ಯಾರಕ್‌ಗಳಲ್ಲಿ ಸಜ್ಜಾಗಿ ನಿಲ್ಲಿಸಿ ಹೆದರಿಸಿದ, 1993 ಮೇನಲ್ಲಿ ಯುದ್ಧದ ಡ್ರೆಸ್ ಹಾಕಿದ ಕಮಾಂಡೋಗಳನ್ನ ರಾಜಧಾನಿ ಮಧ್ಯದಲ್ಲೇ ನಿಲ್ಲಿಸಿದ. ಕಾಣೆಯಾದವರ ಸತ್ಯ ಹುಡುಕೋ ಆಯೋಗ ವರದಿ ಕೊಡ್ತು, ಆದ್ರೆ ಆ ವರ್ಷಗಳಲ್ಲಿ ಬಹುಪಾಲು ತಪ್ಪಿತಸ್ಥರಿಗೆ ಶಿಕ್ಷೆ ಆಗ್ಲಿಲ್ಲ. ಎಷ್ಟೋ ಮನೆಗಳಿಗೆ ಅದು ಇವತ್ತಿಗೂ ಆರದ ಗಾಯ. ನೇಮಕದ ಸೆನೆಟರ್‌ಗಳನ್ನ ತೆಗೆದು, ಸೇನಾ ಮುಖ್ಯಸ್ಥರನ್ನ ಅಧ್ಯಕ್ಷರು ವಜಾ ಮಾಡಬಹುದು ಅಂತ ತಿದ್ದುಪಡಿ ತರೋಕೆ 2005 ಆಯ್ತು. ಅಂದ್ರೆ ಹದಿನೈದು ವರ್ಷ. ಅಷ್ಟು ದಿನ ಕಾಯೋಕೆ ಜನಕ್ಕೆ ಆಗಿದ್ದು ಯಾಕೆ? ಒಂದು, ರಾತ್ರಿ ಬಾಗಿಲು ಬಡೀತಾರೆ ಅನ್ನೋ ಭಯ ತಕ್ಷಣ ಹೋಗಿತ್ತು. ಎರಡು, ಹೊಟ್ಟೆಪಾಡು ಸುಧಾರಿಸಿತು, 1990 ರಲ್ಲಿ ನೂರರಲ್ಲಿ ಸುಮಾರು 38 ಜನ ಬಡವರು ಅಂತಿದ್ದ ಸರ್ಕಾರಿ ಅಂಕಿ ಹತ್ತು ವರ್ಷದಲ್ಲಿ 20 ರ ಹತ್ರ ಬಂತು.

ಈಗ ಮ್ಯಾನ್ಮಾರ್. ಇದನ್ನ ಬರೆಯೋಕೆ ನಂಗೆ ಮನಸ್ಸು ಭಾರ ಆಗುತ್ತೆ, ಯಾಕಂದ್ರೆ ನಾವೆಲ್ಲ ಅದನ್ನ ಹತ್ತಿರದಿಂದ ನೋಡಿದ್ವಿ, ಅಲ್ಲಿನ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂಕಿ 2012 ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿಗೂ ಬಂದು ಹೋಗಿದ್ರು. 1962 ರಿಂದ ಅಲ್ಲಿ ಸೈನ್ಯದ್ದೇ ಆಡಳಿತ. 1990 ರ ಚುನಾವಣೇಲಿ ಅವ್ರ ಪಕ್ಷ 392 ಸೀಟು ಗೆದ್ರೂ ಅಧಿಕಾರ ಕೊಡಲೇ ಇಲ್ಲ. ಅಂಥಾ ಜನ 2015 ನವೆಂಬರ್ 8 ಕ್ಕೆ ಬೆಳಗಿನ ಜಾವದಿಂದ ಲೈನಲ್ಲಿ ನಿಂತು ವೋಟ್ ಹಾಕಿದ್ರು, ಕಿರುಬೆರಳಿಗೆ ನೇರಳೆ ಬಣ್ಣದ ಶಾಯಿ, ಮತ ಎಣಿಕೆ ಆಯಾ ಮತಗಟ್ಟೇಲೇ ಎಲ್ರ ಮುಂದೆ. (ಶಾಯಿ ಅಂದಾಗ ನಮ್ಮ ಮೈಸೂರು ಪೇಂಟ್ಸ್ ನೆನಪಾಗದೇ ಇರಲ್ಲ, 1962 ರಿಂದ ನಮ್ಮ ಬೆರಳಿಗೆ ಬೀಳ್ತಿರೋದು ಅವ್ರದ್ದೇ, ಎಷ್ಟೋ ಹೊರದೇಶಗಳಿಗೂ ಹೋಗುತ್ತೆ.) ಸೂಕಿ ಪಕ್ಷ ಎರಡೂ ಸದನ ಸೇರಿ 390 ಸೀಟು ಗೆದ್ದಿತು. ಅದ್ರ ಹಿಂದಿನ ಮೂರ್ನಾಲ್ಕು ವರ್ಷದಲ್ಲಿ ಪತ್ರಿಕೆಗಳ ಮೇಲಿದ್ದ ಮುಂಚಿತ ಸೆನ್ಸಾರ್ ಹೋಗಿತ್ತು, ಒಂದು ಕಾಲದಲ್ಲಿ ನೂರಾರು ಡಾಲರ್ ಕೊಡಬೇಕಿದ್ದ ಸಿಮ್ ಕಾರ್ಡ್ 2014 ರಲ್ಲಿ ಒಂದೂವರೆ ಡಾಲರ್‌ಗೆ ಬಂದಿತ್ತು. ಒಂದು ಇಡೀ ತಲೆಮಾರು ಫೋನ್ ಹಿಡ್ಕೊಂಡು ಮೊದಲ ಸಲ ಹೊರಗಿನ ಪ್ರಪಂಚ ನೋಡ್ತಿತ್ತು. ಅಂಥಾ ಹೊತ್ತಲ್ಲಿ ಆಸೆ ಪಟ್ಟಿದ್ದು ತಪ್ಪು ಅಂತ ಹೇಳೋಕೆ ನಾವ್ಯಾರು.

ಆದ್ರೆ 2008 ರ ಸಂವಿಧಾನ ಹಾಗೇ ಕೂತಿತ್ತು. ಸಂಸತ್ತಿನ ಕಾಲು ಭಾಗ ಸೀಟು, ಅಂದ್ರೆ 166, ಸೇನಾ ಮುಖ್ಯಸ್ಥ ನೇಮಿಸಿದ ಸಮವಸ್ತ್ರದವರಿಗೆ. ಸಂವಿಧಾನ ತಿದ್ದೋಕೆ ಮುಕ್ಕಾಲಿಗಿಂತ ಜಾಸ್ತಿ ಮತ ಬೇಕು, ಅಂದ್ರೆ ಚುನಾಯಿತರು ಎಲ್ರೂ ಒಂದಾದ್ರೂ ಕನಿಷ್ಠ ಒಬ್ಬ ಸೈನಿಕನಾದ್ರೂ ಕೈ ಎತ್ತಬೇಕು. ರಕ್ಷಣೆ, ಗೃಹ, ಗಡಿ ವ್ಯವಹಾರ ಮೂರೂ ಖಾತೆ ಸೈನ್ಯದ್ದೇ. ತಹಸೀಲ್ದಾರ್ ಕಚೇರಿ ಇದ್ದಂಗೆ ಹಳ್ಳಿಹಳ್ಳಿಯ ಆಡಳಿತ ನೋಡೋ ಇಲಾಖೆನೂ ಗೃಹ ಖಾತೆ ಅಡಿಯಲ್ಲೇ ಇತ್ತು, ಅದನ್ನ ಚುನಾಯಿತ ಸರ್ಕಾರದ ಕೈಗೆ ತರೋಕೆ 2018 ಡಿಸೆಂಬರ್ ಆಯ್ತು. ಸೂಕಿ ಅಧ್ಯಕ್ಷೆ ಆಗೋ ಹಾಗಿಲ್ಲ ಅನ್ನೋ ಕಲಮು ಇದ್ದಿದ್ರಿಂದ ಪ್ರಧಾನಿ ತರದ ಸ್ಟೇಟ್ ಕೌನ್ಸೆಲರ್ ಅನ್ನೋ ಹುದ್ದೆ ಸೃಷ್ಟಿ ಮಾಡೋ ದಾರಿ ಹುಡುಕಿದ ವಕೀಲರು ಕೋ ನಿ, ಅವ್ರನ್ನ 2017 ಜನವರಿ 29 ಕ್ಕೆ ಯಾಂಗೂನ್ ಏರ್‌ಪೋರ್ಟ್ ಹೊರಗೆ ಗುಂಡು ಹೊಡೆದು ಕೊಂದ್ರು, ಕೈಯಲ್ಲಿ ಮೊಮ್ಮಗು ಇತ್ತು. ಸಂವಿಧಾನ ತಿದ್ದೋ ಸಮಿತಿ ಮಾಡಿದ್ದು 2019 ರಲ್ಲಿ, ಸರ್ಕಾರ ಬಂದು ಮೂರು ವರ್ಷ ಆದ್ಮೇಲೆ. 2020 ಮಾರ್ಚ್‌ನಲ್ಲಿ ಮತಕ್ಕೆ ಹಾಕಿದಾಗ ಮುಖ್ಯವಾದ ಪ್ರಸ್ತಾಪಗಳೆಲ್ಲ ಸೈನ್ಯದ ಕಾಲು ಭಾಗಕ್ಕೆ ಡಿಕ್ಕಿ ಹೊಡೆದು ಬಿದ್ವು.

ಮೊದಲ ವರ್ಷವೇ ಜನರನ್ನ ಬೆನ್ನಿಗೆ ಇಟ್ಕೊಂಡು ಪಟ್ಟು ಹಿಡಿದಿದ್ರೆ ಬೇರೆ ಆಗ್ತಿತ್ತಾ? ಆಗ್ತಿತ್ತು ಅಂತ ಗ್ಯಾರಂಟಿ ಕೊಡೋಕೆ ಆಗಲ್ಲ, ಆದ್ರೆ ಜೋರು ಗಾಳಿ ಇದ್ದ ವರ್ಷಗಳನ್ನ ಸೈನ್ಯದ ಮನಸ್ಸು ಗೆಲ್ಲೋಕೆ ಖರ್ಚು ಮಾಡಿದ್ರು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ತೆತ್ತ ಬೆಲೆ ಇನ್ನೂ ದೊಡ್ಡದು. 2017 ರಲ್ಲಿ ರಖೈನ್‌ನಲ್ಲಿ ಸೈನ್ಯ ನಡೆಸಿದ ದಾಳಿಗೆ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳು 7 ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿಹೋದ್ರು, 2019 ಡಿಸೆಂಬರ್‌ನಲ್ಲಿ ಸೂಕಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ದೇಶದ ಪರ ವಾದ ಮಂಡಿಸಿದ್ರು. ರೋಹಿಂಗ್ಯಾಗಳಲ್ಲಿ ಬಹುಪಾಲು ಜನಕ್ಕೆ 2015 ರಲ್ಲಿ ವೋಟೇ ಇರ್ಲಿಲ್ಲ, ಬೇರೆಯವರು ಕುಣಿದ ಆ ದಿನ ಅವ್ರ ಹೆಸರು ಪಟ್ಟೀಲಿ ಇರ್ಲಿಲ್ಲ. ನೀವು ವಿಡಿಯೋ ನೋಡೋವಾಗ ಇದನ್ನೊಂದು ಕೇಳ್ಕೊಳ್ಳಿ, ಈ ರಸ್ತೇಲಿ ಯಾರು ಇಲ್ಲ?

ಸೇನಾ ದಂಗೆ ಆಗಿದ್ದು 2021 ಫೆಬ್ರವರಿ 1, ಹೊಸ ಸಂಸತ್ತು ಸೇರ್ಬೇಕಿದ್ದ ಅದೇ ದಿನ. ಹೇಗಾಯ್ತು ಅನ್ನೋದನ್ನ ಸ್ವಲ್ಪ ಗಮನಿಸಿ. ಅಧ್ಯಕ್ಷ ವಿನ್ ಮ್ಯಿಂಟ್ ಅವ್ರನ್ನ ಬಂಧಿಸಿದ್ರು, ಸೈನ್ಯದ ಕೋಟಾದಿಂದ ಬಂದಿದ್ದ ಉಪಾಧ್ಯಕ್ಷ ಹಂಗಾಮಿ ಅಧ್ಯಕ್ಷನಾದ, ಅವನು ಸಂವಿಧಾನದ 417 ನೇ ಕಲಮಿನ ಪ್ರಕಾರ ತುರ್ತು ಪರಿಸ್ಥಿತಿ ಘೋಷಿಸಿ ಅಧಿಕಾರವನ್ನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಕೈಗೆ ಕೊಟ್ಟ. ಅಧ್ಯಕ್ಷರನ್ನ ಬಂಧಿಸಿ ಹೀಗೆ ಮಾಡಿದ್ದು ಅಕ್ರಮವೇ, ಆದ್ರೆ ತೋರಿಸೋಕೆ ಒಂದು ಕಲಮು, ಕೂರಿಸೋಕೆ ಒಬ್ಬ ಉಪಾಧ್ಯಕ್ಷ ಎರಡೂ ಮೊದಲೇ ಸಿದ್ಧ ಇದ್ವು.

ಅದಾದ್ಮೇಲೂ ಭರವಸೆ ಸತ್ತುಹೋಯ್ತು ಅಂತ ಹೇಳೋಕೆ ಆಗಲ್ಲ. ಮಾರನೇ ರಾತ್ರಿಯಿಂದಲೇ ಜನ ಮನೆ ಬಾಗಿಲಲ್ಲಿ ನಿಂತು ಪಾತ್ರೆ ಬಡಿಯೋಕೆ ಶುರು ಮಾಡಿದ್ರು, ಅಲ್ಲಿ ದುಷ್ಟಶಕ್ತಿ ಓಡಿಸೋಕೆ ಹಾಗೆ ಬಡೀತಾರೆ. ಡಾಕ್ಟರ್‌ಗಳು, ಮೇಷ್ಟ್ರುಗಳು, ರೈಲ್ವೆಯವರು ಕೆಲಸ ಬಿಟ್ಟು ಹೊರಬಂದ್ರು, ಸರ್ಕಾರಿ ಕ್ವಾರ್ಟರ್ಸ್‌ನಿಂದ ರೈಲ್ವೆ ಕುಟುಂಬಗಳನ್ನ ಸಾಮಾನು ಸಮೇತ ಹೊರಗೆ ಹಾಕಿದ್ರು. ಇವ್ರಲ್ಲಿ ಎಷ್ಟೋ ಜನ ಇಪ್ಪತ್ತರ ಆಸುಪಾಸಿನವರು, ಐದು ವರ್ಷದ ಆ ಸ್ವಲ್ಪ ಸ್ವಾತಂತ್ರ್ಯದಲ್ಲೇ ದೊಡ್ಡವರಾದವರು. ಅವ್ರಿಗೆ ಸೈನ್ಯದ ಆಡಳಿತ ಅನ್ನೋದು ಸಹಜ ಅನ್ನಿಸಲೇ ಇಲ್ಲ. 2015 ರ ಭರವಸೆ ಅದನ್ನ ಮಾಡಿತ್ತು.

ಸುಡಾನ್ ಬಗ್ಗೆ ಚಿಕ್ಕದಾಗಿ. 2019 ಏಪ್ರಿಲ್‌ನಲ್ಲಿ ಸರ್ವಾಧಿಕಾರಿ ಬಷೀರ್ ಹೋದ್ಮೇಲೆ ಆಗಸ್ಟ್‌ನಲ್ಲಿ ಒಪ್ಪಂದ ಆಯ್ತು, 39 ತಿಂಗಳ ಸಂಧಿಕಾಲ, ಮೊದಲ 21 ತಿಂಗಳು ದೇಶ ನಡೆಸೋ ಪರಮಾಧಿಕಾರ ಮಂಡಳಿಗೆ ಸೈನ್ಯದವನೇ ಅಧ್ಯಕ್ಷ, ಆಮೇಲೆ ನಾಗರಿಕರು. ಸರದಿ ಬದಲಾಗೋಕೆ ಇನ್ನೇನು ಕೆಲವು ವಾರ ಇದೆ ಅನ್ನೋವಾಗ, 2021 ಅಕ್ಟೋಬರ್ 25 ಕ್ಕೆ, ದಂಗೆ. ಕುರ್ಚಿ ಮೊದಲು ಬಂದೂಕಿನವನಿಗೆ ಕೊಟ್ಟು ಆಮೇಲೆ ಬಿಡ್ತಾನೆ ಅಂತ ಕಾಯೋದು, ಇಂಥ ಒಪ್ಪಂದ ಎಲ್ಲೇ ಕಂಡ್ರೂ ಅಲ್ಲಿ ಕೆಂಪು ಗೆರೆ ಎಳೀರಿ.

ನೀವು ಮೊದಲೇ ಗೊತ್ತಾಗುತ್ತಾ ಅಂತ ಕೇಳಿದ್ರಲ್ಲ, ಕಾನೂನು ಒಂದೇ ನೋಡಿದ್ರೆ ನೈಜೀರಿಯಾದಲ್ಲಿ ಎಡವ್ತೀರಿ. ಅಲ್ಲಿ 1999 ರ ಸಂವಿಧಾನವನ್ನ ಹೊರಡಿಸಿದ್ದೇ ಮಿಲಿಟರಿ, ಫೆಬ್ರವರಿಯಲ್ಲಿ ಜನ ಅಧ್ಯಕ್ಷರಿಗೆ ವೋಟ್ ಹಾಕೋವಾಗ ಆ ಸಂವಿಧಾನ ಅವ್ರ ಕೈಲೇ ಇರ್ಲಿಲ್ಲ. ಕಾಗದದ ಮೇಲೆ ನೋಡಿದ್ರೆ ಇದು ಮ್ಯಾನ್ಮಾರ್‌ಗಿಂತ ಒಳ್ಳೇ ಆರಂಭ ಏನಲ್ಲ. ಆದ್ರೆ ಆ ಚುನಾವಣೆ ಗೆದ್ದ ಒಬಸಾಂಜೊ ಮೇ 29 ಕ್ಕೆ ಪ್ರಮಾಣ ವಚನ ತಗೊಂಡು ಎರಡು ವಾರದೊಳಗೆ, ಹಿಂದಿನ ಮಿಲಿಟರಿ ಸರ್ಕಾರಗಳಲ್ಲಿ ಗವರ್ನರ್, ಮಂತ್ರಿ ಅಂತ ರಾಜಕೀಯ ಹುದ್ದೆ ಅನುಭವಿಸಿದ್ದ 93 ಸೇನಾಧಿಕಾರಿಗಳನ್ನ ಒಂದೇ ಸಲಕ್ಕೆ ನಿವೃತ್ತಿ ಮಾಡಿ ಮನೆಗೆ ಕಳಿಸಿದ್ರು. ಅಧಿಕಾರದ ರುಚಿ ನೋಡಿದವನು ಬ್ಯಾರಕ್‌ನಲ್ಲಿ ಇರಬಾರ್ದು ಅಂತ. ಅವ್ರೇ ಒಂದು ಕಾಲದಲ್ಲಿ ಮಿಲಿಟರಿ ಆಡಳಿತಗಾರರಾಗಿದ್ದವರು, 1979 ರಲ್ಲಿ ಅಧಿಕಾರ ಬಿಟ್ಟುಕೊಟ್ಟಿದ್ದವರು, ಎಲ್ಲಿ ಹುಳ ಇದೆ ಅಂತ ಅವ್ರಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದಾಚೆ ಅಲ್ಲಿ ದಂಗೆ ಮಾಡಿ ಯಾರೂ ಅಧಿಕಾರ ಹಿಡಿದಿಲ್ಲ.

ನೈಜೀರಿಯಾದಿಂದ ಇನ್ನೊಂದು ವಿಷಯ ಕಲೀಬೇಕು, ನಿಮ್ಮ ಪ್ರಾಜೆಕ್ಟ್‌ಗೆ ಇದು ತುಂಬಾ ಬೇಕಾಗುತ್ತೆ. ಆಫ್ರೋಬ್ಯಾರೋಮೀಟರ್ ಅಂತ ಒಂದು ಸಮೀಕ್ಷೆ ಇದೆ, 2000 ದಲ್ಲಿ ಅವ್ರು ಕೇಳಿದಾಗ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ನೈಜೀರಿಯನ್ನರು ತಮ್ಮ ಪ್ರಜಾಪ್ರಭುತ್ವ ನಡೀತಿರೋ ರೀತಿ ತೃಪ್ತಿ ಇದೆ ಅಂದಿದ್ರು, 2005 ರ ಹೊತ್ತಿಗೆ ಅದು ಕಾಲು ಭಾಗದ ಹತ್ರ ಇಳಿದಿತ್ತು. ಕರೆಂಟ್ ಬರ್ಲಿಲ್ಲ, ತೈಲ ತೆಗೆಯೋ ದೇಶದಲ್ಲೇ ಪೆಟ್ರೋಲ್ ಬಂಕ್ ಮುಂದೆ ಕ್ಯೂ, ಲಂಚ ಹಾಗೇ ಇತ್ತು. ಇಷ್ಟಾದ್ರೂ ಮಿಲಿಟರಿ ಆಡಳಿತ ವಾಪಸ್ ಬರ್ಲಾ ಅಂದಾಗ ಬಹುಪಾಲು ಜನ ಬೇಡವೇ ಬೇಡ ಅಂದ್ರು. ಇವೆರಡೂ ಬೇರೆ ಬೇರೆ. ಈ ಸರ್ಕಾರದ ಮೇಲೆ ಬೇಜಾರು ಅನ್ನೋದು ಒಂದು, ನನ್ನ ವೋಟೇ ಬೇಡ ಅನ್ನೋದು ಇನ್ನೊಂದು. ಜನ ಸೈನ್ಯದ ಆಡಳಿತದಿಂದ ಹೊರಬರೋವಾಗ ಎರಡು ಆಸೆ ಒಟ್ಟಿಗೆ ಇಟ್ಕೊಂಡಿರ್ತಾರೆ, ಭಯ ಹೋಗ್ಲಿ ಅಂತ, ಬದುಕು ಹಸನಾಗ್ಲಿ ಅಂತ. ಮೊದಲನೇದು ಬೇಗ ಆಗುತ್ತೆ, ಪೇಪರ್ ಧೈರ್ಯವಾಗಿ ಬರೆಯುತ್ತೆ, ಜೈಲಲ್ಲಿದ್ದವರು ಹೊರಗೆ ಬರ್ತಾರೆ. ಎರಡನೇದಕ್ಕೆ ವರ್ಷಗಟ್ಟಲೆ ಬೇಕು, ಅದು ತಡ ಆಗೋದನ್ನೇ ಕಾದು ಕೂತಿರ್ತಾರೆ ಹಳೇ ಜನ, ನೋಡಿ ನಾವಿದ್ದಾಗ ಅಕ್ಕಿ ಬೆಲೆ ಎಷ್ಟಿತ್ತು ಅನ್ನೋಕೆ. ಹಾಗಾಗಿ ಹೊಸ ಸರ್ಕಾರದಲ್ಲಿರೋರು ಮೊದಲ ದಿನದಿಂದಲೇ ಜನಕ್ಕೆ ಇದನ್ನ ಬಿಡಿಸಿ ಹೇಳ್ಬೇಕು, ಇದು ಆಗಿದೆ, ಇದಕ್ಕೆ ಟೈಮ್ ಬೇಕು ಅಂತ. ಎಲ್ಲಾ ಆಗುತ್ತೆ ಅಂತ ಹೇಳಿದ ನಾಯಕರೇ ಜನರ ಆಸೆಗೆ ಹೆಚ್ಚು ಪೆಟ್ಟು ಕೊಟ್ಟಿದ್ದಾರೆ.

ದಕ್ಷಿಣ ಕೊರಿಯಾ ನಂಗೆ ಯಾವಾಗ್ಲೂ ಧೈರ್ಯ ಕೊಡೋ ಉದಾಹರಣೆ. 1987 ಜೂನ್‌ನಲ್ಲಿ ಜನರಲ್‌ಗಳ ಆಡಳಿತದ ವಿರುದ್ಧ ಲಕ್ಷಾಂತರ ಜನ ರಸ್ತೆಗೆ ಬಂದ್ರು, ವಿದ್ಯಾರ್ಥಿಗಳ ಜೊತೆ ಆಫೀಸ್ ಹೋಗೋ ಜನ ಕೂಡ, ನೇರ ಅಧ್ಯಕ್ಷೀಯ ಚುನಾವಣೆ ಸಿಕ್ಕಿತು. ಆದ್ರೆ ಡಿಸೆಂಬರ್ ಚುನಾವಣೇಲಿ ವಿರೋಧ ಪಕ್ಷದ ಇಬ್ಬರು ನಾಯಕರು, ಕಿಮ್ ಯಂಗ್ ಸ್ಯಾಮ್ ಮತ್ತು ಕಿಮ್ ಡೇ ಜುಂಗ್, ಒಂದಾಗದೆ ಇಬ್ಬರೂ ನಿಂತ್ರು, ಹಳೇ ಜನರಲ್ ರೋ ತೇ ವೂ 36 ಚಿಲ್ಲರೆ ಪರ್ಸೆಂಟ್ ಮತಕ್ಕೇ ಗೆದ್ದುಬಿಟ್ಟ. ಆ ರಾತ್ರಿ ಅಲ್ಲಿನ ಯುವಕರಿಗೆ ಹೇಗಾಗಿರ್ಬೇಡ. ಆದ್ರೆ ಅಷ್ಟೊತ್ತಿಗೆ ಹೊಸ ಸಂವಿಧಾನ ಬರೆದಾಗಿತ್ತು, ಅಧ್ಯಕ್ಷ ಒಂದೇ ಅವಧಿ, ಸಂಸತ್ತನ್ನ ವಿಸರ್ಜನೆ ಮಾಡೋ ಅಧಿಕಾರ ಅವನಿಗಿಲ್ಲ. 1993 ರಲ್ಲಿ ಕಿಮ್ ಯಂಗ್ ಸ್ಯಾಮ್ ಅಧ್ಯಕ್ಷರಾದ ಮೇಲೆ ಎರಡು ವಾರದೊಳಗೆ ಸೇನಾ ಮುಖ್ಯಸ್ಥರನ್ನ ತೆಗೆದು, ಸೈನ್ಯದ ಒಳಗೆ ಬೇರು ಬಿಟ್ಟಿದ್ದ ಹನಹ್ವೆ ಅನ್ನೋ ಅಧಿಕಾರಿಗಳ ಗುಟ್ಟಿನ ಕೂಟವನ್ನ ಕಿತ್ತುಹಾಕೋಕೆ ಶುರು ಮಾಡಿದ್ರು. 1996 ರಲ್ಲಿ ಮಾಜಿ ಅಧ್ಯಕ್ಷರಾದ ಇಬ್ಬರು ಜನರಲ್‌ಗಳಿಗೆ ಕೋರ್ಟಲ್ಲಿ ಶಿಕ್ಷೆ ಆಯ್ತು. ಆಮೇಲೆ ಕ್ಷಮೆ ಸಿಕ್ಕಿದ್ದು ಬೇರೆ ಮಾತು.

ಇದ್ರ ಫಲ ಕಂಡಿದ್ದು 2024 ಡಿಸೆಂಬರ್ 3 ರ ರಾತ್ರಿ. ಅಧ್ಯಕ್ಷ ಯೂನ್ ರಾತ್ರಿ ಹತ್ತೂವರೆ ಹೊತ್ತಿಗೆ ಟಿವೀಲಿ ಬಂದು ಸೇನಾಡಳಿತ ಘೋಷಣೆ ಮಾಡಿದ. ಸಂವಿಧಾನದ 77 ನೇ ಕಲಮಿನ ಪ್ರಕಾರ ಸಂಸತ್ತಿನ ಅರ್ಧಕ್ಕಿಂತ ಹೆಚ್ಚು ಸದಸ್ಯರು ಕೇಳಿದ್ರೆ ಅದನ್ನ ಎತ್ತಲೇಬೇಕು. ಸದಸ್ಯರು ಓಡೋಡಿ ಬಂದ್ರು, ಗೇಟ್ ಮುಚ್ಚಿದ್ರೆ ಕಾಂಪೌಂಡ್ ಹಾರಿದ್ರು, ಅರವತ್ತು ದಾಟಿದ ಸ್ಪೀಕರ್ ಕೂಡ ಬೇಲಿ ಹತ್ತಿ ಒಳಗೆ ಹೋದ್ರು. ಸಾಮಾನ್ಯ ಜನ ಆ ಚಳೀಲಿ ಬಂದು ಸೈನಿಕರ ಗಾಡಿಗಳಿಗೆ ಅಡ್ಡ ನಿಂತ್ರು. ಬೆಳಗಿನ ಜಾವ ಒಂದು ಗಂಟೆ ಹೊತ್ತಿಗೆ 190 ಸದಸ್ಯರು ಹಾಜರು, 190 ಮತವೂ ರದ್ದು ಮಾಡಿ ಅಂತ. ನಾಲ್ಕೂವರೆಗೆ ಸೇನಾಡಳಿತ ವಾಪಸ್. 2025 ಏಪ್ರಿಲ್ 4 ಕ್ಕೆ ಸಾಂವಿಧಾನಿಕ ನ್ಯಾಯಾಲಯ ಅವನನ್ನ ಅಧಿಕಾರದಿಂದ ತೆಗೀತು. 37 ವರ್ಷದ ಹಿಂದೆ ರಸ್ತೇಲಿ ನಿಂತ ಜನಕ್ಕೆ ಆ ವರ್ಷವೇ ನಿರಾಸೆ ಆಗಿತ್ತು, ಆದ್ರೆ ಅವ್ರು ಬರೆಸಿಟ್ಟಿದ್ದು ಅವ್ರ ಮಕ್ಕಳ ಕಾಲಕ್ಕೆ ಕೆಲಸಕ್ಕೆ ಬಂತು.

ಇನ್ನು ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಮಿಲಿಟರಿ ಆಡಳಿತ ಇರ್ಲಿಲ್ಲ, ತುರ್ತು ಪರಿಸ್ಥಿತಿನ ಅದಕ್ಕೆ ಸಮ ಅನ್ನೋದು ಸರಿಯಲ್ಲ, ಆದ್ರೆ ಭರವಸೆ ಹೇಗೆ ಕೆಲಸ ಮಾಡುತ್ತೆ ಅನ್ನೋದಕ್ಕೆ 1977 ಕ್ಕಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಇವತ್ತು ಊರಿನ ಪ್ರತಿಭಟನೆಗಳೆಲ್ಲ ನಡೆಯೋ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಆಗಿನ ಸೆಂಟ್ರಲ್ ಜೈಲು. 1975 ಜೂನ್ 26 ಕ್ಕೆ ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವ್ರನ್ನೆಲ್ಲ ಹಿಡಿದು ಇಟ್ಟಿದ್ದು ಅಲ್ಲೇ. ನಟಿ ಸ್ನೇಹಲತಾ ರೆಡ್ಡಿ ಅವ್ರು ಆಸ್ತಮಾದಲ್ಲಿ ನರಳಿದ್ದೂ ಅಲ್ಲೇ, 1977 ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಹೋದ್ರು. ಮಾರ್ಚ್‌ನಲ್ಲಿ ಚುನಾವಣೆ ಆಗಿ ಉತ್ತರ ಭಾರತ ಪೂರ್ತಿ ಇಂದಿರಾ ಗಾಂಧಿಯವರನ್ನ ಸೋಲಿಸಿತು. ನಮ್ಮ ಕರ್ನಾಟಕ? 28 ರಲ್ಲಿ 26 ಸೀಟು ಕಾಂಗ್ರೆಸ್‌ಗೇ. ಜನತಾ ಪಕ್ಷಕ್ಕೆ ಬಂದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಅಂದ್ರೆ ನಿಮ್ಮ ಬನಶಂಕರಿ ಕಡೆಯೇ, ಅಲ್ಲಿ ಗೆದ್ದಿದ್ದು ಕೆ.ಎಸ್. ಹೆಗ್ಡೆ, 1973 ರಲ್ಲಿ ಹಿರಿತನ ಕಡೆಗಣಿಸಿದ್ರು ಅಂತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಹುದ್ದೆ ಬಿಟ್ಟು ಬಂದವರು, ಆಮೇಲೆ ಲೋಕಸಭೆ ಸ್ಪೀಕರ್ ಆದ್ರು.

ಹಾಗಂತ ಹಳ್ಳಿಗಾಡಿನ ಕರ್ನಾಟಕಕ್ಕೆ ಸ್ವಾತಂತ್ರ್ಯ ಬೇಡ ಆಗಿತ್ತು ಅಂತಲ್ಲ. ದೇವರಾಜ ಅರಸು ಅವ್ರ ಭೂಸುಧಾರಣೆಯಿಂದ ಗೇಣಿ ಮಾಡ್ತಿದ್ದವನಿಗೆ ಜಮೀನು ಬರೋ ಹೊತ್ತು ಅದು, ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದಿತ್ತು, ಉತ್ತರದಲ್ಲಿ ಬಲವಂತದ ಸಂತಾನಹರಣ ನಡೆದಷ್ಟು ಇಲ್ಲಿ ನಡೆದಿರ್ಲಿಲ್ಲ. ಅವ್ರ ಆಸೆ ಇನ್ನೊಂದು ದಾರೀಲಿ ಹೋಗಿತ್ತು. ಯಾವ ದೇಶದ ಬಗ್ಗೆ ಬರೀತಿದ್ರೂ ರಾಜಧಾನಿಯ ಚೌಕದಲ್ಲಿ ಕಂಡಿದ್ದನ್ನೇ ದೇಶದ ಮನಸ್ಸು ಅಂತ ಬರೀಬೇಡಿ, ಆ ಗೇಣಿದಾರನ ಮನೆ ಕಡೆಗೂ ಒಂದು ಸಲ ಹೋಗಿ ಬನ್ನಿ.

ಜನತಾ ಸರ್ಕಾರ ಒಳಜಗಳದಲ್ಲಿ 1979 ಜುಲೈನಲ್ಲಿ ಬಿತ್ತು, 1980 ಕ್ಕೆ ಇಂದಿರಾ ಗಾಂಧಿ ವಾಪಸ್ ಬಂದ್ರು. ಎಲ್ಲಾ ವ್ಯರ್ಥ ಆಯ್ತು ಅಂತ ಆಗ ಎಷ್ಟೋ ಜನ ಅಂದ್ಕೊಂಡ್ರು. ಆದ್ರೆ ಅಷ್ಟರಲ್ಲಿ 44 ನೇ ತಿದ್ದುಪಡಿ ಆಗಿತ್ತು. ಆಂತರಿಕ ಗಲಭೆ ಅನ್ನೋ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರೋ ಹಾಗಿಲ್ಲ, ಸಶಸ್ತ್ರ ಬಂಡಾಯ ಇರ್ಬೇಕು, ಸಂಪುಟ ಲಿಖಿತವಾಗಿ ಹೇಳ್ಬೇಕು, ಜೀವದ ಹಕ್ಕನ್ನ ತುರ್ತು ಪರಿಸ್ಥಿತೀಲೂ ಅಮಾನತು ಮಾಡೋ ಹಾಗಿಲ್ಲ. 1976 ರಲ್ಲಿ ಸುಪ್ರೀಂ ಕೋರ್ಟೇ ಬಂಧನದಲ್ಲಿರೋರು ಕೋರ್ಟಿಗೆ ಬರೋ ಹಾಗಿಲ್ಲ ಅಂದಿತ್ತಲ್ಲ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಿರ್ಲಿಲ್ಲ, ಆ ದಾರಿಗೆ ಇಲ್ಲಿ ಬೀಗ ಬಿತ್ತು. ವಾಪಸ್ ಬಂದ ಇಂದಿರಾ ಗಾಂಧಿಯವರೂ ಆ ಬೀಗ ತೆಗೀಲಿಲ್ಲ. ಅದೇ ತಿದ್ದುಪಡೀಲಿ ಮುನ್ನೆಚ್ಚರಿಕೆ ಬಂಧನಕ್ಕೆ ಕಡಿವಾಣ ಹಾಕೋ ಒಂದು ಭಾಗವೂ ಇತ್ತು, ಅದನ್ನ ಜಾರಿಗೆ ತರೋ ಅಧಿಸೂಚನೆ ಆಗ ಹೊರಡಿಸಲಿಲ್ಲ, ಇವತ್ತಿಗೂ ಅದು ಜಾರಿಗೆ ಬಂದಿಲ್ಲ. ಅಷ್ಟು ದೊಡ್ಡ ಗೆಲುವಿನ ಮಧ್ಯೆ ಒಂದು ಅಧಿಸೂಚನೆ ಉಳಿದುಹೋಯ್ತು, ಎಷ್ಟು ವರ್ಷ ಆಯ್ತು ನೀವೇ ಲೆಕ್ಕ ಹಾಕಿ.

ಇನ್ನೊಂದು ಮಾತು, ಬೆಂಗಳೂರಲ್ಲೇ ಇರೋದ್ರಿಂದ ಹೇಳಲೇಬೇಕು. 2020 ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿಗೆ ಒಬ್ಬ ಕಾರ್ಪೊರೇಟರ್ ಇಲ್ಲದೆ ಅಧಿಕಾರಿಗಳೇ ನಡೆಸಿದ್ರು. ಚುನಾವಣೆ ಇಲ್ಲದೆ ಇರೋದು ಅಭ್ಯಾಸ ಆಗಿಬಿಡುತ್ತೆ, ಅದೇ ನಂಗೆ ಹೆದರಿಕೆ. ಸ್ಯಾಂಟಿಯಾಗೊದಲ್ಲಿ ಹೆದರಿಕೊಂಡೇ ಹೋಗಿ ಹೆಸರು ಬರೆಸಿದ ಜನರ ಬಗ್ಗೆ ಓದೋವಾಗ ನಮ್ಮ ವಾರ್ಡಿನ ಮತದಾರರ ಪಟ್ಟೀಲಿ ನಮ್ಮ ಹೆಸರು ಇದೆಯಾ ಅಂತ ನಾವು ನೋಡ್ಕೊಂಡಿದೀವಾ ಅಂತ ಕೇಳ್ಕೋಬೇಕು.

ಪ್ರಾಜೆಕ್ಟ್ ವಿಷಯ. ಹತ್ತು ದೇಶ ತಗೋಬೇಡಿ, ಎರಡು ಸಾಕು, ಚಿಲಿ ಮತ್ತು ಮ್ಯಾನ್ಮಾರ್ ತಗೊಳ್ಳಿ. ಎರಡೂ ಕಡೆ ಚುನಾವಣೆ ಗೆದ್ದ ದಿನದಿಂದ ಮೊದಲ ಎರಡು ವರ್ಷದ ಒಂದು ದಿನಚರಿ ತರ ಮಾಡಿ, ಯಾವ ತಿಂಗಳು ಯಾವ ಕಾನೂನು ಬದಲಾಯ್ತು, ಸೇನಾ ಮುಖ್ಯಸ್ಥನನ್ನ ತೆಗೆಯೋ ಅಧಿಕಾರ ಯಾರ ಕೈಲಿದೆ, ಸೈನ್ಯದ ಬಜೆಟ್ ಸಂಸತ್ತಿಗೆ ಬರುತ್ತಾ, ಪೊಲೀಸ್ ಯಾರ ಅಡಿಯಲ್ಲಿ, ಮತ ಎಣಿಸಿದ್ದು ಯಾರು ನೋಡಿದ್ದು ಯಾರು, ಪಟ್ಟೀಲಿ ಯಾರ ಹೆಸರು ಇರ್ಲಿಲ್ಲ. ಆಗ ನಿಮಗೇ ಒಂದು ಚಿತ್ರ ಬರುತ್ತೆ. ಸಾಧ್ಯ ಆದ್ರೆ ಮೂರನೇದಾಗಿ ಇಂಡೋನೇಷ್ಯಾ ಇಣುಕಿ ನೋಡಿ, 1998 ರಲ್ಲಿ ಜನರಲ್ ಸುಹಾರ್ತೊ ಆಡಳಿತ ಹೋದ ಮೇಲೆ ಪೊಲೀಸನ್ನ ಸೈನ್ಯದಿಂದ ಬೇರೆ ಮಾಡಿದ್ರು, ಸಂಸತ್ತಲ್ಲಿದ್ದ ಸೈನ್ಯದ ಸೀಟುಗಳನ್ನ ಇಳಿಸ್ತಾ ಇಳಿಸ್ತಾ 2004 ಕ್ಕೆ ಪೂರ್ತಿ ತೆಗೆದ್ರು, ಆದ್ರೆ 2025 ಮಾರ್ಚ್‌ನಲ್ಲಿ ಸೇವೆಯಲ್ಲಿರೋ ಅಧಿಕಾರಿಗಳಿಗೆ ಹೆಚ್ಚು ಸರ್ಕಾರಿ ಸಂಸ್ಥೆಗಳಲ್ಲಿ ಹುದ್ದೆ ಕೊಡೋ ಹಾಗೆ ಕಾನೂನು ಬದಲಾಯಿಸಿದ್ರು, ವಿದ್ಯಾರ್ಥಿಗಳು ಮತ್ತೆ ರಸ್ತೆಗೆ ಬಂದ್ರು.

ಜೊತೆಗೆ ಮನೇಲಿ ಅಥವಾ ಬೀದೀಲಿ 1977 ರಲ್ಲಿ ವೋಟ್ ಹಾಕಿದ ಅಜ್ಜಿ ತಾತ ಯಾರಾದ್ರೂ ಇದ್ರೆ ಕೂತು ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಅವ್ರನ್ನ ಕೇಳಿಯೇ ಮಾಡಿ. ಯಾರಿಗೆ ಹಾಕಿದ್ರಿ ಅನ್ನೋದು ಬೇಡ, ಅವತ್ತು ಏನು ಆಗುತ್ತೆ ಅಂದ್ಕೊಂಡಿದ್ರಿ, ಏನು ಆಯ್ತು ಅಂತ ಕೇಳಿ. ಬೆಂಗಳೂರಿನವರ ಉತ್ತರಾನೂ ಆ ಕಾಲದಲ್ಲಿ ಹಳ್ಳೀಲಿದ್ದು ಆಮೇಲೆ ಇಲ್ಲಿಗೆ ಬಂದವರ ಉತ್ತರಾನೂ ಪಕ್ಕಪಕ್ಕ ಇಟ್ಟು ನೋಡಿ. ಬರೆದ ಮೊದಲ ಅಧ್ಯಾಯ ಕಳಿಸಿ, ಓದಿ ಹೇಳ್ತೀನಿ.